ಗಿಸಾಲ್ಲೊ–ಸೊರ್ಮಾನೊ ಸುತ್ತು: ಗೇರು, ಗೋಡೆ, ಗಾಳಿ

ಉತ್ತರ ಇಟಲಿಯ ಕೋಮೊ ಸರೋವರವನ್ನು ನಕ್ಷೆಯಲ್ಲಿ ನೋಡಿದರೆ ತಲೆಕೆಳಗಾದ ‘ವೈ’ ಅಕ್ಷರ ಕಾಣುತ್ತದೆ. ಅದರ ಎರಡು ಕವಲುಗಳ ನಡುವಿನ ಬೆಟ್ಟಸೀಮೆಗೆ ತ್ರಿಯಾಂಗೊಲೊ ಲಾರಿಯಾನೊ ಎಂದು ಹೆಸರು. ಅದರ ಉತ್ತರದ ಮೊನೆಯಲ್ಲಿ, ನೀರಿಗೆ ಚಾಚಿಕೊಂಡಂತೆ ಬೆಲ್ಲಾಜೊ ಊರಿದೆ. ಅಲ್ಲಿಂದ ಸೈಕಲ್ಲಿನಲ್ಲಿ ಹೊರಟು ಗಿಸಾಲ್ಲೊ ಘಾಟಿ ಹತ್ತಬೇಕು, ಅಸ್ಸೊ ಕಡೆಗೆ ಇಳಿಯಬೇಕು, ಸೊರ್ಮಾನೊದ ‘ಗೋಡೆ’ ಎಂದೇ ಹೆಸರಾದ ಕಡಿದಾದ ದಾರಿ ಏರಬೇಕು, ನೆಸ್ಸೊದಲ್ಲಿ ಸರೋವರದ ದಂಡೆಗೆ ಬಂದು ನೀರಿನ ಪಕ್ಕದಲ್ಲೇ ಬೆಲ್ಲಾಜೊಗೆ ಮರಳಬೇಕು. ದೂರ ಸುಮಾರು 55ರಿಂದ 60 ಕಿ.ಮೀ., ಒಟ್ಟು ಏರು 1,400ರಿಂದ 1,500 ಮೀಟರ್.

ಅರವತ್ತೇ ಕಿಲೋಮೀಟರ್ ತಾನೇ ಎಂದು ಬರುವವರು ಈ ರಸ್ತೆಯಲ್ಲಿ ಬಹಳ ಮಂದಿ ಸಿಗುತ್ತಾರೆ. ಇಲ್ಲಿ ದೂರ ಏನನ್ನೂ ಹೇಳುವುದಿಲ್ಲ. ಏರಿನ ಬಹುಪಾಲು ಎರಡೇ ಬೆಟ್ಟಗಳಲ್ಲಿದೆ. ಎರಡನೆಯ ಬೆಟ್ಟದ ಕೊನೆಯ ಎರಡು ಕಿಲೋಮೀಟರ್ ಅಂತೂ ಬಹುತೇಕ ಸೈಕಲ್ ಸವಾರರು ಬೇರೆಲ್ಲೂ ಕಂಡಿರದಷ್ಟು ಕಡಿದು. ಹಾಗಾಗಿ ಈ ಸುತ್ತು ಹೇಗೆ ಮುಗಿಯುತ್ತದೆ ಎಂಬುದು ಹೊರಡುವ ಮೊದಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಹಿಂದಿನ ಕ್ಯಾಸೆಟ್‌ನಲ್ಲಿ (ಹಿಂದಿನ ಗಾಲಿಯ ಹಲ್ಲುಚಕ್ರಗಳ ಗೊಂಚಲಿನಲ್ಲಿ) ಎಷ್ಟು ಹಲ್ಲಿನ ಚಕ್ರವಿದೆ, ಯಾವ ದಿಕ್ಕಿನಲ್ಲಿ ಸುತ್ತುತ್ತೀರಿ, ಎಷ್ಟು ಹೊತ್ತಿಗೆ ಹೊರಡುತ್ತೀರಿ, ಈ ಮೂರನ್ನು ಸರಿಮಾಡಿಕೊಂಡರೆ ಉಳಿದದ್ದು ತುಳಿಯುವುದಷ್ಟೆ.

ಮೊದಲು ದಿಕ್ಕಿನ ಮಾತು. ಪ್ರದಕ್ಷಿಣೆಯಾಗಿಯೇ ಹೋಗಿ, ಅಂದರೆ ಬೆಲ್ಲಾಜೊದಿಂದ ನೇರವಾಗಿ ಗಿಸಾಲ್ಲೊ ಕಡೆಗೆ. ಸೊರ್ಮಾನೊದ ಗೋಡೆ ಆ ಕಡೆಯಿಂದ ಮಾತ್ರ ಏರಾಗಿ ಸಿಗುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಗಾಳಿ. ಈ ಸರೋವರದ ಮೇಲೆ ಎರಡು ಗಾಳಿಗಳು ಸರದಿಯಂತೆ ಬೀಸುತ್ತವೆ. ರಾತ್ರಿಯಿಂದ ಬೆಳಗಿನ ಹೊತ್ತಿನವರೆಗೆ ಉತ್ತರದ ಬೆಟ್ಟಗಳಿಂದ ಕೆಳಗೆ ಬರುವುದು ತಿವಾನೊ. ನೆಲ ಕಾದ ಮೇಲೆ, ಸುಮಾರು ಮಧ್ಯಾಹ್ನದಿಂದ, ದಕ್ಷಿಣದ ಬಯಲಿನಿಂದ ಮೇಲಕ್ಕೆ ಬೀಸುವುದು ಬ್ರೆವಾ. ಬೆಳಿಗ್ಗೆ ಎಂಟರ ಸುಮಾರಿಗೆ ಹೊರಟರೆ ದಂಡೆಯ ರಸ್ತೆಗೆ ಬರುವಾಗ ಮಧ್ಯಾಹ್ನವಾಗಿರುತ್ತದೆ. ನೆಸ್ಸೊದಿಂದ ಬೆಲ್ಲಾಜೊಗೆ ಈಶಾನ್ಯ ದಿಕ್ಕಿಗೆ ಹೋಗುವುದರಿಂದ ಬ್ರೆವಾ ಬೆನ್ನಿಗೆ ಬರುತ್ತದೆ. ಕಾಲಲ್ಲಿ ಬಲ ಉಡುಗಿದ ಹೊತ್ತಿಗೆ ಅದು ಬಹಳ ದೊಡ್ಡ ಸಹಾಯ. ಅಪ್ರದಕ್ಷಿಣೆಯಾಗಿ ಮಧ್ಯಾಹ್ನ ಹೊರಟವರಿಗೆ ಅದೇ ಗಾಳಿ ಮೊದಲ ಹದಿಮೂರು ಕಿಲೋಮೀಟರ್ ಮುಖಕ್ಕೆ ಹೊಡೆಯುತ್ತದೆ. ಬೇಗ ಹೊರಡಲು ಮತ್ತೊಂದು ಕಾರಣವೂ ಇದೆ: ಬೇಸಿಗೆಯಲ್ಲಿ ಈ ಬೆಟ್ಟಗಳ ಮೇಲೆ ಗುಡುಗು ಮಳೆ ಕಟ್ಟುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಆ ಹೊತ್ತಿಗೆ ನೀವು ಗೋಡೆ ಮುಗಿಯುವ ಕೊಲ್ಮಾ ಘಾಟಿಯ ತುದಿಯಲ್ಲಿ ಇರಬಾರದು.

ಇನ್ನು ಗೇರು. ಇದರ ಬಗ್ಗೆ ಲೆಕ್ಕ ಹಾಕಿಯೇ ಮಾತಾಡೋಣ, ಏಕೆಂದರೆ ‘ನನ್ನ ಕಾಲು ಗಟ್ಟಿ, ಹಿಂದೆ 28 ಹಲ್ಲು ಸಾಕು’ ಎಂಬ ಧೈರ್ಯ ಗೋಡೆಯ ಮುನ್ನೂರನೇ ಮೀಟರಿನಲ್ಲಿ ಮುಗಿಯುತ್ತದೆ. ಸವಾರನ ತೂಕ 70 ಕೆ.ಜಿ., ಸೈಕಲ್, ನೀರು, ಸಾಮಾನು ಸೇರಿ 10 ಕೆ.ಜಿ. ಎಂದುಕೊಳ್ಳಿ. ಬಹಳ ಹೊತ್ತು 175 ವಾಟ್ ಶಕ್ತಿ ಕೊಡಬಲ್ಲ ಸವಾರ ಎಂದರೆ ವಾರಕ್ಕೆ ಮೂರು ನಾಲ್ಕು ದಿನ ತುಳಿಯುವ ಹವ್ಯಾಸಿ. ಗಿಸಾಲ್ಲೊದ ಶೇ 9ರ ಏರಿನಲ್ಲಿ, ಅಂದರೆ ನೂರು ಮೀಟರಿಗೆ ಒಂಬತ್ತು ಮೀಟರ್ ಏರುವಲ್ಲಿ, ಈತನ ವೇಗ ಗಂಟೆಗೆ ಸುಮಾರು 8 ಕಿ.ಮೀ. ಮುಂದೆ 34, ಹಿಂದೆ 34 ಹಲ್ಲಿದ್ದರೆ ಪೆಡಲ್ ನಿಮಿಷಕ್ಕೆ 65 ಸುತ್ತು ತಿರುಗುತ್ತದೆ. ಇದು ಆರಾಮದ ಲಯ. ಅದೇ ಸವಾರ ಸೊರ್ಮಾನೊ ಗೋಡೆಯ ಸರಾಸರಿ ಏರಿನಲ್ಲಿ ಗಂಟೆಗೆ 5 ಕಿ.ಮೀ.ಗಿಂತ ಕೆಳಗೆ ಬರುತ್ತಾನೆ, ಪೆಡಲ್ 38 ಸುತ್ತಿಗೆ ಇಳಿಯುತ್ತದೆ. ಶೇ 25ರ ತುಂಡಿನಲ್ಲಿ ಅದೇ ಶಕ್ತಿಗೆ ವೇಗ ಗಂಟೆಗೆ 3 ಕಿ.ಮೀ. ಚಿಲ್ಲರೆ, ಪೆಡಲ್ 25 ಸುತ್ತು. ಆ ವೇಗದಲ್ಲಿ ಸೈಕಲ್ ನೆಟ್ಟಗೆ ನಿಲ್ಲುವುದೇ ಇಲ್ಲ, ಹ್ಯಾಂಡಲ್ ಅತ್ತಿತ್ತ ಹೊಯ್ದಾಡುತ್ತದೆ. ಹಾಗಾಗಿ ಅಲ್ಲಿ ಬೀಳದೆ ಮುಂದೆ ಹೋಗಲು ಕೆಲವು ನಿಮಿಷ 230–240 ವಾಟ್ ಒತ್ತಲೇಬೇಕು. ಒತ್ತಿದರೂ ಗಂಟೆಗೆ ನಾಲ್ಕೂವರೆ ಕಿಲೋಮೀಟರ್, ನಿಮಿಷಕ್ಕೆ 35 ಸುತ್ತು.

ಹಿಂದೆ 28 ಹಲ್ಲಿದ್ದರೆ ಇದೇ ಜಾಗದಲ್ಲಿ 29 ಸುತ್ತಿಗೆ ಕುಸಿಯುತ್ತದೆ. ಒಂದೊಂದು ತುಳಿತಕ್ಕೂ ಮಂಡಿಯ ಮೇಲೆ ಬೀಳುವ ಭಾರ ಅಷ್ಟೇ ಏರುತ್ತದೆ. ಮಂಡಿಚಿಪ್ಪಿನ ಕೆಳಗೆ ಚುಚ್ಚುವ ನೋವು ಶುರುವಾಗುವುದು ಇಲ್ಲಿಂದಲೇ. ಆದ್ದರಿಂದ ಮುಂದೆ 50/34 (50 ಮತ್ತು 34 ಹಲ್ಲಿನ ಎರಡು ಚಕ್ರ), ಹಿಂದೆ 11-34 (11ರಿಂದ 34 ಹಲ್ಲಿನವರೆಗಿನ ಕ್ಯಾಸೆಟ್) ಕನಿಷ್ಠ ಎಂದುಕೊಳ್ಳಿ. ಶಿಮಾನೊ ಕಂಪನಿಯ 105 ಎಂಬ ಗೇರು ಸೆಟ್ಟಿನ ಹನ್ನೆರಡು ಸ್ಪೀಡಿನಲ್ಲಿ 11-36 ಕ್ಯಾಸೆಟ್ ಸಿಗುತ್ತದೆ, ಅದನ್ನೇ ಹಾಕಿ. ಸ್ರಾಮ್‌ ಕಂಪನಿಯದರಲ್ಲಿ 46/33ಕ್ಕೆ 10-36 ಹೊಂದುತ್ತದೆ. ಗ್ರಾವೆಲ್ (ಜಲ್ಲಿ ರಸ್ತೆಯ) ಸೈಕಲ್ಲಿನ 46/30 ಕ್ರ್ಯಾಂಕ್ ಇದ್ದರಂತೂ ಇನ್ನೂ ಒಳ್ಳೆಯದು: 30ಕ್ಕೆ 34 ಸೇರಿದರೆ ಅದೇ ನಾಲ್ಕೂವರೆ ಕಿಲೋಮೀಟರ್ ವೇಗದಲ್ಲಿ 40 ಸುತ್ತು ಸಿಗುತ್ತದೆ. ಹಿಂದೆ ದೊಡ್ಡ ಹಲ್ಲುಚಕ್ರ ಹಾಕಿಕೊಂಡವರು ದುರ್ಬಲರು ಎಂಬ ಭಾವನೆ ಇನ್ನೂ ಕೆಲವರಲ್ಲಿದೆ. ಈ ಗೋಡೆಗೆ ಬರುವ ವೃತ್ತಿಪರರೂ ತಮ್ಮ ಎಂದಿನ ಗೇರು ಬದಲಿಸಿಕೊಂಡೇ ಬರುತ್ತಾರೆ.

ಕ್ಯಾಸೆಟ್ ಬದಲಾಯಿಸಿದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ನಿಮ್ಮ ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಆ ಹಲ್ಲಿನವರೆಗೆ ಹೋಗುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ, ಗಿಡ್ಡ ಕೇಜಿನದು, ಅಂದರೆ ಕೆಳಗಿನ ತೋಳು ಗಿಡ್ಡವಿರುವುದು, ಸಾಮಾನ್ಯವಾಗಿ ಹೋಗುವುದಿಲ್ಲ. ಹಳೆಯ ಚೈನ್ ಗಿಡ್ಡವಾಗಿರುತ್ತದೆ. ಚೈನನ್ನು ಡಿರೇಲರ್ ಮೂಲಕ ಹಾಯಿಸದೆ ಮುಂದಿನ ದೊಡ್ಡ ಚಕ್ರಕ್ಕೂ ಹಿಂದಿನ ದೊಡ್ಡ ಚಕ್ರಕ್ಕೂ ಸುತ್ತಿ, ಎರಡು ತುದಿ ಕೂಡುವ ಜಾಗಕ್ಕಿಂತ ಒಂದು ಅಂಗುಲ, ಅಂದರೆ ಎರಡು ಕೊಂಡಿ, ಹೆಚ್ಚು ಇಟ್ಟು ಕತ್ತರಿಸಿ. ಗಿಡ್ಡ ಚೈನಿನಲ್ಲಿ ಅಕಸ್ಮಾತ್ ದೊಡ್ಡದಕ್ಕೆ ದೊಡ್ಡದು ಬಿದ್ದರೆ ಡಿರೇಲರ್ ಕಿತ್ತು ಬರುತ್ತದೆ. ಡಿರೇಲರಿನ ಮೇಲಿನ ಪುಟ್ಟ ಚಕ್ರ ಕ್ಯಾಸೆಟ್ಟಿಗೆ ತಾಗದಂತೆ ಅದರ ಬಿ-ಸ್ಕ್ರೂ ಬಿಗಿ ಮಾಡಿ. ಕೊನೆಯದಾಗಿ, ಡಿರೇಲರ್ ಗಾಲಿಯ ಕಡೆಗೆ ಮಿತಿಮೀರಿ ಸರಿಯದಂತೆ ತಡೆಯುವ ‘ಎಲ್’ ಸ್ಕ್ರೂ. ಇದು ಸಡಿಲವಾಗಿದ್ದರೆ ಗೋಡೆಯ ಬುಡದಲ್ಲಿ ಕಡೆಯ ಗೇರಿಗೆ ಹಾಕಿದಾಗ ಚೈನ್ ಚಕ್ರ ದಾಟಿ ಕಡ್ಡಿಗಳ ನಡುವೆ ಬೀಳುತ್ತದೆ. ಅಲ್ಲಿಗೆ ಸವಾರಿ ಮುಗಿದಂತೆ. ಸೈಕಲ್ಲನ್ನು ವಿಮಾನದಲ್ಲಿ ತಂದಿದ್ದರೆ ಡಿರೇಲರ್ ಹ್ಯಾಂಗರ್ (ಡಿರೇಲರನ್ನು ಚೌಕಟ್ಟಿಗೆ ಹಿಡಿದಿಡುವ ತುಂಡು) ಒಳಕ್ಕೆ ಬಾಗಿರುವ ಸಾಧ್ಯತೆ ಹೆಚ್ಚು. ‘ಎಲ್’ ಸ್ಕ್ರೂ ಸರಿಯಿದ್ದರೂ ಹ್ಯಾಂಗರ್ ಬಾಗಿದ್ದರೆ ಫಲ ಅದೇ. ಹಿಂದಿನಿಂದ ಕಣ್ಣಳತೆಯಲ್ಲಿ ನೋಡಿ: ಡಿರೇಲರಿನ ಎರಡು ಪುಟ್ಟ ಚಕ್ರಗಳೂ ಕ್ಯಾಸೆಟ್ ಹಲ್ಲಿನ ಕೆಳಗೆ ಒಂದೇ ನೇರದಲ್ಲಿರಬೇಕು.

ಬಾಡಿಗೆ ಸೈಕಲ್ ತೆಗೆದುಕೊಳ್ಳುವವರು ಮುಂಚಿತವಾಗಿಯೇ ಕ್ಯಾಸೆಟ್ ಎಷ್ಟು ಹಲ್ಲಿನದು ಎಂದು ಬರೆದು ಕೇಳಿ. ಪೆಡಲ್ ನಿಮ್ಮದೇ ತನ್ನಿ. ಬೂಟನ್ನು ಪೆಡಲಿಗೆ ಸಿಕ್ಕಿಸುವ ತುಂಡಿಗೆ ಕ್ಲೀಟ್ ಎನ್ನುತ್ತಾರೆ; ರಸ್ತೆ ಸೈಕಲ್ಲಿನ ದೊಡ್ಡ ಕ್ಲೀಟಿಗಿಂತ ಅಟ್ಟೆಯೊಳಗೆ ಹುದುಗುವ ಎಸ್‌ಪಿಡಿ ಕ್ಲೀಟ್ ಈ ಸುತ್ತಿಗೆ ಒಳ್ಳೆಯದು. ಗೋಡೆಯಲ್ಲಿ ಇಳಿದು ನಡೆಯಬೇಕಾಗಿ ಬಂದರೆ ಪ್ಲಾಸ್ಟಿಕ್ ಕ್ಲೀಟಿನಲ್ಲಿ ಒಂದೊಂದು ಹೆಜ್ಜೆಗೂ ಜಾರುತ್ತದೆ.

ಟೈರು 28 ಮಿ.ಮೀ. ಇರಲಿ. 70 ಕೆ.ಜಿ. ಸವಾರನಿಗೆ ಗಾಳಿಯ ಒತ್ತಡ ಹಿಂದೆ 5 ಬಾರ್, ಮುಂದೆ ಸ್ವಲ್ಪ ಕಡಿಮೆ. ರಸ್ತೆ ಒದ್ದೆಯಿದ್ದರೆ ಎರಡರಲ್ಲೂ ಇನ್ನೊಂದು 0.3 ಬಾರ್ ಇಳಿಸಿ. ಡಿಸ್ಕ್ ಬ್ರೇಕ್ ಪ್ಯಾಡಿನ ಉಜ್ಜುವ ಪದರ ಒಂದು ಮಿಲಿಮೀಟರಿಗೆ ಸಮೀಪಿಸಿದ್ದರೆ ಹೊರಡುವ ಮೊದಲೇ ಬದಲಾಯಿಸಿ, ಏಕೆಂದರೆ ಕೊಲ್ಮಾದಿಂದ ನೆಸ್ಸೊಗೆ ಸುಮಾರು 850 ಮೀಟರ್ ಇಳಿಯುತ್ತೀರಿ. 80 ಕೆ.ಜಿ. ತೂಕಕ್ಕೆ ಅದು 660 ಕಿಲೋಜೂಲ್‌ಗೂ ಮಿಕ್ಕಿದ ಶಕ್ತಿ. ಒಂದು ಪಾಲನ್ನು ಗಾಳಿ ನುಂಗುತ್ತದೆ, ಉಳಿದದ್ದನ್ನು ಪ್ಯಾಡುಗಳೇ ನುಂಗಬೇಕು.

ಬೆಲ್ಲಾಜೊದಿಂದ ಗಿಸಾಲ್ಲೊ ಏರು 8.6 ಕಿ.ಮೀ., ಸರಾಸರಿ ಶೇ 6.2, ಗರಿಷ್ಠ ಶೇ 14. ಈ ಸರಾಸರಿಯನ್ನು ನಂಬಬೇಡಿ. ಊರು ಬಿಟ್ಟ ಸ್ವಲ್ಪ ಹೊತ್ತಿಗೇ ಹೇರ್‌ಪಿನ್ ತಿರುವುಗಳು ಶುರುವಾಗಿ ಗುವೆಲ್ಲೊವರೆಗೆ ನಾಲ್ಕು ಕಿಲೋಮೀಟರಿನಷ್ಟು ಶೇ 9ರ ಆಸುಪಾಸಿನಲ್ಲೇ ಇರುತ್ತದೆ. ಅಲ್ಲಿಂದ ಚಿವೆನ್ನಾವರೆಗೆ ರಸ್ತೆ ಸಮತಟ್ಟಾಗುತ್ತದೆ, ನಡುವೆ ಇಳಿಯುತ್ತದೆ ಕೂಡ. ಸರಾಸರಿ ಕಡಿಮೆಯಾಗಿ ಕಾಣುವುದು ಈ ತುಂಡಿನಿಂದ. ಕೊನೆಯ ಒಂದು ಕಿಲೋಮೀಟರ್ ಚಿಲ್ಲರೆ ಮತ್ತೆ ಶೇ 9ಕ್ಕೂ ಹೆಚ್ಚು. ಮೊದಲ ನಾಲ್ಕು ಕಿಲೋಮೀಟರ್ ಮೈ ಬಿಸಿಯಾಗುವ ಮೊದಲೇ ಬರುವುದರಿಂದ ಉತ್ಸಾಹದಲ್ಲಿ ಹೆಚ್ಚು ಒತ್ತಿಬಿಡುತ್ತಾರೆ. ಮಾತಾಡುತ್ತಾ ಹತ್ತಬಹುದಾದಷ್ಟು ಉಸಿರಿನಲ್ಲೇ ಹತ್ತಿ. 50 ನಿಮಿಷದಿಂದ ಒಂದು ಗಂಟೆ ಹಿಡಿದರೆ ಅದು ಸರಿಯಾದ ಗತಿ. ಇಲ್ಲಿ ಉಳಿಸಿದ ಐದು ನಿಮಿಷ ಸೊರ್ಮಾನೊದಲ್ಲಿ ಇಪ್ಪತ್ತು ನಿಮಿಷ ನಡೆಸುತ್ತದೆ. ತಿರುವುಗಳಲ್ಲಿ ಒಳಗಡೆಯ ಅಂಚು ಕಡಿದು, ಹೊರಗಡೆಯದು ಸಪಾಟು. ಎದುರಿನಿಂದ ವಾಹನ ಇಲ್ಲವೆಂದು ಖಚಿತವಾದರೆ ನಿಮ್ಮ ಪಥದೊಳಗೇ ಆದಷ್ಟು ಹೊರಕ್ಕೆ ಸರಿದು ತಿರುಗಿ.

ಗಿಸಾಲ್ಲೊದ ಎತ್ತರ 754 ಮೀಟರ್. ತುದಿಯಲ್ಲಿರುವ ಮದೊನ್ನಾ ದೆಲ್ ಗಿಸಾಲ್ಲೊ ಎಂಬ ಪುಟ್ಟ ಗುಡಿಯ ಮಾತೆಯನ್ನು ಪೋಪ್ ಹನ್ನೆರಡನೆಯ ಪಿಯುಸ್ 1949ರಲ್ಲಿ ಸೈಕಲ್ ಸವಾರರ ರಕ್ಷಕಿ ಎಂದು ಘೋಷಿಸಿದರು. ಒಳಗೆ ಗೋಡೆ ತುಂಬ ಜೆರ್ಸಿಗಳು, ಮೇಲೆ ಸಾಲಾಗಿ ಹೆಸರಾಂತ ಸವಾರರ ಸೈಕಲ್ಲುಗಳು. ಅವುಗಳ ನಡುವೆ ಒಂದು ಸೈಕಲ್ಲಿನ ಚೌಕಟ್ಟು ಜಖಂಗೊಂಡಿದೆ. ಅದು ಇದೇ ಸೀಮೆಯ ಫಾಬಿಯೊ ಕಸಾರ್ತೆಲ್ಲಿಯದು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ರಸ್ತೆ ಸ್ಪರ್ಧೆಯ ಚಿನ್ನ ಗೆದ್ದ ಆತ 1995ರ ಟೂರ್ ದ ಫ್ರಾನ್ಸ್‌ನಲ್ಲಿ ಪೋರ್ತೆ ದಾಸ್ಪೆ ಘಾಟಿ ಇಳಿಯುವಾಗ ಬಿದ್ದು ತೀರಿಕೊಂಡ, ಆಗ ವಯಸ್ಸು 24. ಅದನ್ನು ನೋಡಿಯೇ ಮುಂದೆ ಹೋಗಿ. ಇಂದು ನೀವು ಇಳಿಯಬೇಕಾದ ಕಡಿದು ರಸ್ತೆ ಇನ್ನೂ ಮುಂದಿದೆ. ಗುಡಿಯ ಪಕ್ಕದಲ್ಲೇ 2006ರಲ್ಲಿ ತೆರೆದ ಸೈಕ್ಲಿಂಗ್ ವಸ್ತುಸಂಗ್ರಹಾಲಯವೂ ಇದೆ. ಅದಕ್ಕೆ ಒಂದು ಗಂಟೆಯಾದರೂ ಬೇಕು. ಸುತ್ತಿನ ನಡುವೆ ಅಷ್ಟು ಹೊತ್ತು ನಿಂತರೆ ಕಾಲು ಹಿಡಿದುಕೊಳ್ಳುತ್ತದೆ, ಬೇರೆ ದಿನವೇ ಬನ್ನಿ.

ಅಲ್ಲಿಂದ ಮಾಗ್ರೆಲ್ಯೊ, ಬಾರ್ನಿ, ಲಾಸ್ನಿಗೊ ಹಳ್ಳಿಗಳ ಮೂಲಕ ಲಾಂಬ್ರೊ ಹೊಳೆಯ ಕಣಿವೆಯಲ್ಲಿ ಸುಲಭದ ಇಳಿಜಾರು. ತುಳಿಯುವ ಅಗತ್ಯ ಹೆಚ್ಚಿಲ್ಲ, ತಿನ್ನುವ ಹೊತ್ತು ಇದು. ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ಗೋಡೆಯ ಮೇಲೆ ಒಂದು ಕೈ ಬಿಡಲೂ ಆಗುವುದಿಲ್ಲ, ಬಾಟಲಿ ಎತ್ತಿ ಕುಡಿಯುವುದು ದೂರದ ಮಾತು. ಹಾಗಾಗಿ ಕೊನೆಯ ತುತ್ತು ಲಾಸ್ನಿಗೊದಲ್ಲಿ, ಕೊನೆಯ ಗುಟುಕು ಸೊರ್ಮಾನೊ ಊರಿನಲ್ಲಿ. ಹಳ್ಳಿಗಳಲ್ಲಿ ನೀರಿನ ನಲ್ಲಿಗಳು ಸಿಗುತ್ತವೆ. ‘ನಾನ್ ಪೊತಾಬಿಲೆ’ ಎಂಬ ಫಲಕವಿದ್ದರೆ ಆ ನೀರು ಕುಡಿಯುವುದಕ್ಕಲ್ಲ. ಅಂಗಡಿಗಳನ್ನು ನಂಬಿ ಬಂದವರಿಗೆ ಒಂದು ಎಚ್ಚರ: ಹಳ್ಳಿಯ ದಿನಸಿ ಅಂಗಡಿಗಳು ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಮೂರು ಮೂರೂವರೆಗೆ.

ಅಸ್ಸೊ ಪಟ್ಟಣಕ್ಕೆ ಸ್ವಲ್ಪ ಮೊದಲು ಬಲಕ್ಕೆ ಸೊರ್ಮಾನೊ ಎಂಬ ಫಲಕ. ದೇಹದಲ್ಲೋ ಸೈಕಲ್ಲಿನಲ್ಲೋ ಏನಾದರೂ ಸರಿಯಿಲ್ಲ ಎನಿಸಿದರೆ ತೀರ್ಮಾನ ಮಾಡಬೇಕಾದ ಜಾಗ ಇದೇ. ನೇರವಾಗಿ ಹೋದರೆ ಕಾನ್ಜೊ–ಅಸ್ಸೊ ರೈಲು ನಿಲ್ದಾಣವಿದೆ, ಅಲ್ಲಿಂದ ಮಿಲಾನೊದ ಕದೊರ್ನಾ ನಿಲ್ದಾಣಕ್ಕೆ ರೈಲು ಸಿಗುತ್ತದೆ. ಬಲಕ್ಕೆ ತಿರುಗಿದ ಮೇಲೆ ನೆಸ್ಸೊದವರೆಗೆ ಸುಲಭದ ದಾರಿ ಯಾವುದೂ ಇಲ್ಲ.

ಸೊರ್ಮಾನೊ ಊರಿನವರೆಗಿನ ಏರು 5 ಕಿ.ಮೀ., ಸರಾಸರಿ ಶೇ 6.6. ಇದು ಸಭ್ಯವಾದ ಘಾಟಿ ರಸ್ತೆ, ಒಂದೇ ಸಮನೆ ಏರುತ್ತದೆ. ಇಲ್ಲಿ ನಿಮ್ಮ ಕಡೆಯ ಗೇರಿಗಿಂತ ಒಂದು ಗೇರು ಹಿಂದೆಯೇ ಇದ್ದು, ಕಡೆಯದನ್ನು ಗೋಡೆಗೆ ಉಳಿಸಿಕೊಂಡರೆ ಒಳ್ಳೆಯದು. ಊರು ದಾಟಿದ ಮೇಲೆ ಕೊಲ್ಮಾಗೆ ಎರಡು ದಾರಿ. ಮುಖ್ಯ ರಸ್ತೆ ಸುಮಾರು 5 ಕಿ.ಮೀ. ಬಳಸಿಕೊಂಡು ಹೋಗುತ್ತದೆ, ಯಾರು ಬೇಕಾದರೂ ಹತ್ತಬಹುದು. ಇನ್ನೊಂದು, ಕಾಡಿನೊಳಕ್ಕೆ ನುಗ್ಗುವ ಕಿರಿದಾದ ಡಾಂಬರು ದಾರಿ. ಅದೇ ಮುರೊ ದಿ ಸೊರ್ಮಾನೊ, ಅಂದರೆ ಸೊರ್ಮಾನೊದ ಗೋಡೆ. 1.9 ಕಿ.ಮೀ. ಉದ್ದ, 300 ಮೀಟರಿನಷ್ಟು ಏರು, ಸರಾಸರಿ ಶೇ 15.8, ಅತಿ ಕಡಿದಾದ ಜಾಗದಲ್ಲಿ ಶೇ 25ಕ್ಕೂ ಮೇಲೆ. ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ.

ಇದನ್ನು ಇಲ್ ಲೊಂಬಾರ್ದಿಯಾ ಎಂಬ ವೃತ್ತಿಪರರ ಸೈಕಲ್ ಸ್ಪರ್ಧೆಗೆ ಮೊದಲು ತಂದದ್ದು 1960ರಲ್ಲಿ. 1905ರಿಂದ ನಡೆಯುತ್ತಿರುವ ಆ ಸ್ಪರ್ಧೆಗೆ ಗಿಸಾಲ್ಲೊ 1919ರಲ್ಲೇ ಸೇರಿತ್ತು. ಗೋಡೆ ಮಾತ್ರ 1962ರ ನಂತರ ನಿಂತುಹೋಯಿತು. ಆ ದಿನಗಳ ಗೇರುಗಳಲ್ಲಿ ಬಹಳಷ್ಟು ಸವಾರರು ಇಳಿದು ನಡೆಯುತ್ತಿದ್ದರು, ಇಲ್ಲವೇ ಅಭಿಮಾನಿಗಳು ಹಿಂದಿನಿಂದ ತಳ್ಳುತ್ತಿದ್ದರು. ಹಾಗಿದ್ದರೆ ಅದು ಸ್ಪರ್ಧೆ ಹೇಗಾದೀತು? ಪಾಳುಬಿದ್ದ ದಾರಿಯನ್ನು 2006ರಲ್ಲಿ ದುರಸ್ತಿ ಮಾಡಿದರು, 2012ರಲ್ಲಿ ಸ್ಪರ್ಧೆ ಮತ್ತೆ ಬಂತು.

ದುರಸ್ತಿಯ ಹೊತ್ತಿನಲ್ಲಿ ಡಾಂಬರಿನ ಮೇಲೆ ಎತ್ತರದ ಅಂಕಿಗಳನ್ನು ಬರೆದರು, ಒಂದೊಂದು ಮೀಟರ್ ಏರಿದಂತೆ ಒಂದೊಂದು ಅಂಕಿ. ಇದು ಅಲಂಕಾರವೆಂದು ತಿಳಿಯಬೇಡಿ, ಓದಲು ಕಲಿತರೆ ಬಹಳ ಉಪಯೋಗ. ಎರಡು ಅಂಕಿಗಳ ನಡುವಿನ ಅಂತರವೇ ಅಲ್ಲಿನ ಕಡಿದನ್ನು ಹೇಳುತ್ತದೆ. ಶೇ 15ರ ಏರಿನಲ್ಲಿ ಅವು ಆರೂವರೆ ಮೀಟರಿಗೂ ಹೆಚ್ಚು ದೂರದಲ್ಲಿರುತ್ತವೆ, ಶೇ 25ರಲ್ಲಿ ನಾಲ್ಕೇ ಮೀಟರ್. ಅಂದರೆ ಎರಡೂವರೆ ಸೈಕಲ್ ಉದ್ದಕ್ಕೂ ಕಡಿಮೆ. ಮುಂದೆ ಅಂಕಿಗಳು ಒತ್ತೊತ್ತಾಗಿ ಬರುತ್ತಿರುವುದು ಕಂಡ ಕೂಡಲೇ ಗೇರು ಇಳಿಸಿ, ಉಸಿರು ತೆಗೆದುಕೊಳ್ಳಿ. ಸೈಕಲ್ ಕಂಪ್ಯೂಟರಿನಲ್ಲಿ ಕಾಣುವ ಶೇಕಡಾ ಲೆಕ್ಕ ಇಷ್ಟು ನಿಧಾನದ ವೇಗದಲ್ಲಿ ಹಿಂದೆ ಬೀಳುತ್ತದೆ. ಅದು ‘22’ ಎನ್ನುವ ಹೊತ್ತಿಗೆ ಆ ತುಂಡು ದಾಟಿರುತ್ತೀರಿ.

ಗೇರು ಬದಲಿಸುವುದನ್ನು ಕಡಿದು ಶುರುವಾಗುವ ಮೊದಲೇ ಮುಗಿಸಿ. ಪೂರ್ತಿ ಭಾರ ಬಿದ್ದಿರುವಾಗ ಬದಲಿಸಿದರೆ ಚೈನ್ ಕಟಕಟ ಸದ್ದು ಮಾಡಿ ನೆಗೆಯುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಮುಂದಿನ ದೊಡ್ಡ ಚಕ್ರದಿಂದ ಚಿಕ್ಕದಕ್ಕೆ ಸೊರ್ಮಾನೊ ಊರಿನಲ್ಲೇ ಬಂದುಬಿಟ್ಟಿರಬೇಕು. ಕುಳಿತು ತುಳಿಯುವುದಾದರೆ ಸೀಟಿನ ಮೂತಿಗೆ ಸರಿದು, ಮೊಣಕೈ ಮಡಿಸಿ, ಎದೆಯನ್ನು ಹ್ಯಾಂಡಲ್ ಕಡೆಗೆ ಬಾಗಿಸಿ. ಇಲ್ಲವಾದರೆ ಮುಂದಿನ ಚಕ್ರ ನೆಲ ಬಿಡುತ್ತದೆ. ಎದ್ದುನಿಂತು ತುಳಿದರೆ ಭಾರ ಮುಂದಕ್ಕೆ ಹೋಗಿ ಹಿಂದಿನ ಚಕ್ರ ಜಾರುತ್ತದೆ, ಅದರಲ್ಲೂ ಮರದ ನೆರಳಿನ ತೇವದ ಜಾಗಗಳಲ್ಲಿ. ಒಣಗಿದ ಕಡೆ ಹತ್ತು ಹದಿನೈದು ತುಳಿತ ನಿಂತು, ಮತ್ತೆ ಕುಳಿತು, ಹೀಗೆ ಬದಲಾಯಿಸುತ್ತಿದ್ದರೆ ಒಂದೇ ಸ್ನಾಯುವಿನ ಮೇಲೆ ಪೂರ್ತಿ ಹೊರೆ ಬೀಳುವುದಿಲ್ಲ. ದಾರಿ ಖಾಲಿಯಿದ್ದರೆ ಹಾವಿನ ನಡೆಯಂತೆ ಎಡಬಲಕ್ಕೆ ಓರೆಯಾಗಿ ಹೋಗಬಹುದು. ದೂರ ಹೆಚ್ಚುತ್ತದೆ, ಕಡಿದು ತಗ್ಗುತ್ತದೆ. ಹಿಂದೆ ಯಾರಾದರೂ ಬರುತ್ತಿದ್ದರೆ ಮಾಡಬೇಡಿ.

ನಿಂತುಬಿಟ್ಟರೆ ಮತ್ತೆ ಹೊರಡುವುದು ಹೇಗೆ ಎಂದು ತಿಳಿದವರು ಕಡಿಮೆ. ಸೈಕಲ್ಲನ್ನು ಏರಿಗೆ ಎದುರಾಗಿ ಇಟ್ಟು ಹತ್ತಲು ಹೋದರೆ ಎರಡನೇ ಪೆಡಲಿಗೆ ಕಾಲು ಸಿಕ್ಕುವ ಮೊದಲೇ ಹಿಂದಕ್ಕೆ ಉರುಳುತ್ತದೆ. ಸೈಕಲ್ಲನ್ನು ರಸ್ತೆಗೆ ಅಡ್ಡವಾಗಿ ನಿಲ್ಲಿಸಿ. ಬೆಟ್ಟದ ಮೇಲ್ಬದಿಗೆ ಇರುವ ಕಾಲು ನೆಲದ ಮೇಲಿರಲಿ, ಇನ್ನೊಂದನ್ನು ಕ್ಲಿಪ್ ಮಾಡಿ ಆ ಪೆಡಲನ್ನು ಸ್ವಲ್ಪ ಮುಂದಕ್ಕೆ ಮೇಲೆತ್ತಿ ಇಡಿ. ಬ್ರೇಕ್ ಹಿಡಿದೇ ಸೀಟಿಗೆ ಕುಳಿತು, ಬ್ರೇಕ್ ಬಿಟ್ಟು ಒಂದೇ ಒತ್ತು ಒತ್ತಿ. ಅಡ್ಡಕ್ಕೆ ಎರಡು ಮೀಟರ್ ಹೋದ ಮೇಲೆ ಮೆಲ್ಲಗೆ ಏರಿನ ಕಡೆಗೆ ತಿರುಗಿಸಿ. ಸಪಾಟಾದ ತಿರುವಿನ ಹೊರ ಅಂಚಿನವರೆಗೆ ತಳ್ಳಿಕೊಂಡು ಹೋಗಿ ಅಲ್ಲಿಂದ ಹೊರಟರೆ ಇನ್ನೂ ಸುಲಭ.

ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯುತ್ತದೆ. ಮೊದಲ ಮೂರನೇ ಒಂದು ಭಾಗದಲ್ಲಿ ‘ಇಷ್ಟೇನಾ’ ಎನಿಸುವಷ್ಟು ತಡೆದು ತುಳಿದವರು ಮಾತ್ರ ಕೊನೆಯವರೆಗೆ ಕೂತೇ ಹೋಗುತ್ತಾರೆ. ಬಂದ ದಾರಿಯಲ್ಲೇ ಗೋಡೆ ಇಳಿಯುವ ಯೋಚನೆ ಬೇಡವೇ ಬೇಡ. ಅಷ್ಟು ಕಡಿದಿನಲ್ಲಿ ಬ್ರೇಕ್ ನಿಲ್ಲಿಸುವುದಿಲ್ಲ, ಹತ್ತುತ್ತಿರುವವರಿಗೆ ಪಕ್ಕಕ್ಕೆ ಸರಿಯಲೂ ಆಗುವುದಿಲ್ಲ.

ಕೊಲ್ಮಾ ದಿ ಸೊರ್ಮಾನೊ 1,124 ಮೀಟರ್ ಎತ್ತರದಲ್ಲಿದೆ. ತುದಿ ಮುಟ್ಟಿದ ಕೂಡಲೇ ಇಳಿಯಬೇಡಿ. ಹತ್ತು ನಿಮಿಷ ನಿಲ್ಲಿ, ಗಾಳಿ ತಡೆಯುವ ಜಾಕೆಟ್ ಹಾಕಿ, ಏನಾದರೂ ತಿನ್ನಿ. ದಂಡೆಗಿಂತ ಇಲ್ಲಿ ಐದಾರು ಡಿಗ್ರಿ ತಂಪು, ಮೈಯೆಲ್ಲ ಬೆವರು, ಕೈ ನಡುಗುತ್ತಿರುತ್ತದೆ. ನಡುಗುವ ಬೆರಳು ಬ್ರೇಕನ್ನು ಅಳೆದು ಹಿಡಿಯಲಾರದು. ನನ್ನ ಲೆಕ್ಕದಲ್ಲಿ ಈ ಸುತ್ತಿನ ಅತ್ಯಂತ ಕಠಿಣ ಭಾಗ ಗೋಡೆಯಲ್ಲ, ಈ ಇಳಿಜಾರು. ಗೋಡೆಯಲ್ಲಿ ಸೋತರೆ ನಡೆಯಬಹುದು.

2020ರ ಆಗಸ್ಟ್‌ನಲ್ಲಿ ಇಲ್ ಲೊಂಬಾರ್ದಿಯಾದ ನಡುವೆ ಬೆಲ್ಜಿಯಮ್ಮಿನ ರೆಮ್ಕೊ ಎವೆನೆಪುಲ್ ಇದೇ ಇಳಿಜಾರಿನ ಒಂದು ಸೇತುವೆಯ ಗಿಡ್ಡ ಗೋಡೆಗೆ ತಾಗಿ ಕೆಳಗಿನ ಕಮರಿಗೆ ಬಿದ್ದ. ಸೊಂಟದ ಮೂಳೆ ಮುರಿಯಿತು. ಲೋಕದ ಅತಿ ಚುರುಕಿನ ಸವಾರರಲ್ಲಿ ಒಬ್ಬನಿಗೆ ಹೀಗಾಯಿತು. ರಸ್ತೆ ಕಿರಿದು, ತಿರುವಿನಾಚೆ ಕಾಣುವುದಿಲ್ಲ, ಮರಗಳ ನೆರಳಿನಿಂದ ಬಿಸಿಲಿಗೆ, ಬಿಸಿಲಿನಿಂದ ನೆರಳಿಗೆ ಹೋಗುವಾಗ ಕಣ್ಣಿಗೆ ಗುಂಡಿಯೂ ಕಾಣುವುದಿಲ್ಲ. ಕಪ್ಪು ಕನ್ನಡಕ ಬೇಡ, ತಿಳಿ ಬಣ್ಣದ ಗಾಜು ಹಾಕಿ. ಅಕ್ಟೋಬರ್‌ನಲ್ಲಿ ಬಂದರೆ ಉದುರಿದ ಎಲೆ, ಚೆಸ್ಟ್‌ನಟ್ ಸಿಪ್ಪೆ ತಿರುವುಗಳಲ್ಲಿ ಗುಡ್ಡೆ ಬಿದ್ದಿರುತ್ತವೆ. ಮೇಲೆ ಒಣಗಿದಂತೆ ಕಂಡರೂ ಅಡಿಯ ಪದರ ಒದ್ದೆ. ಅಲ್ಲಿ ಸೈಕಲ್ ಬಾಗಿಸಿದರೆ ಹಿಡಿತ ತಪ್ಪುತ್ತದೆ.

ಬ್ರೇಕ್ ಹಾಕುವ ಕ್ರಮ ಹೀಗೆ. ಕೈ ಹ್ಯಾಂಡಲಿನ ಕೆಳಗಿನ ಹಿಡಿಯಲ್ಲಿರಲಿ, ಅಲ್ಲಿಂದ ಒತ್ತಿದರೆ ಕಡಿಮೆ ಬಲ ಸಾಕು. ತಿರುವಿಗೆ ಮೊದಲೇ, ಸೈಕಲ್ ನೇರವಾಗಿರುವಾಗಲೇ, ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ಬಿಟ್ಟು ತಿರುಗಿ. ಉದ್ದಕ್ಕೂ ಮೆಲ್ಲಗೆ ಎಳೆದುಕೊಂಡೇ ಬಂದರೆ ಪ್ಯಾಡಿಗೆ ತಣಿಯಲು ಬಿಡುವೇ ಸಿಗುವುದಿಲ್ಲ. ಡಿಸ್ಕ್‌ನಲ್ಲಿ ಲಿವರ್ ಮೆತ್ತಗಾಗುತ್ತದೆ. ರಿಮ್ ಬ್ರೇಕಿನ ಕಾರ್ಬನ್ ಚಕ್ರದಲ್ಲಿ ಅಂಟು ಮೆದುವಾಗಿ ರಿಮ್ಮೇ ಉಬ್ಬಿಕೊಳ್ಳಬಹುದು. ರಿಮ್ ಬ್ರೇಕ್ ಇರುವವರು ಈ ಸುತ್ತಿಗೆ ಅಲ್ಯೂಮಿನಿಯಂ ಚಕ್ರ ಹಾಕುವುದೇ ಕ್ಷೇಮ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ಐದು ನಿಮಿಷ ಆರಲು ಬಿಡಿ. ಬಿಸಿಯಾದ ಡಿಸ್ಕ್ ಮುಟ್ಟಬೇಡಿ, ನೀರೂ ಸುರಿಯಬೇಡಿ.

ನಡುವೆ ಪಿಯಾನ್ ದೆಲ್ ತಿವಾನೊ ಎಂಬ ಹುಲ್ಲುಗಾವಲಿನ ಬಯಲು ಸಿಗುತ್ತದೆ, ಸ್ವಲ್ಪ ದೂರ ತುಳಿಯಬೇಕು. ಇಲ್ಲಿಗೆ ಇಳಿಜಾರು ಮುಗಿಯಿತು ಎಂದು ಜಾಕೆಟ್ ತೆಗೆಯಬೇಡಿ. ಜೆಲ್ಬಿಯೊ ಹಳ್ಳಿಯ ನಂತರ ನೆಸ್ಸೊವರೆಗೆ 500 ಮೀಟರ್ ಇಳಿತ ಇನ್ನೂ ಬಾಕಿಯಿದೆ, ಅದರಲ್ಲೂ ಹೇರ್‌ಪಿನ್‌ಗಳೇ ಹೆಚ್ಚು. ಸರೋವರ ಮತ್ತೆ ಕಾಣುವುದು ಈ ತುಂಡಿನಲ್ಲಿ, ಮರಗಳ ಸಂದಿಯಿಂದ ತೀರಾ ಕೆಳಗೆ. ಕಣ್ಣು ಅತ್ತ ಹೋಗುತ್ತದೆ, ಸೈಕಲ್ ಕಣ್ಣು ಹೋದ ಕಡೆಗೇ ಹೋಗುತ್ತದೆ. ನೋಡಬೇಕೆನಿಸಿದರೆ ನಿಂತು ನೋಡಿ.

ನೆಸ್ಸೊದಲ್ಲಿ ತೂಫ್ ಮತ್ತು ನೊಸೆ ಎಂಬ ಎರಡು ತೊರೆಗಳು ಕೂಡಿ ಬಂಡೆಯ ಸೀಳಿನಿಂದ ಸರೋವರಕ್ಕೆ ಧುಮುಕುತ್ತವೆ. ಕೆಳಗೆ ಚಿವೆರಾ ಎಂಬ ಹಳೆಯ ಕಲ್ಲಿನ ಸೇತುವೆ. ಅಲ್ಲಿಗೆ ಮೆಟ್ಟಿಲುಗಳನ್ನು ಇಳಿಯಬೇಕು. ರಸ್ತೆಯ ಮೇಲಿಂದಲೂ ಜಲಪಾತ ಕಾಣುತ್ತದೆ, ಸುಸ್ತಾದವರಿಗೆ ಅಷ್ಟೇ ಸಾಕು.

ಇಲ್ಲಿಂದ ಬೆಲ್ಲಾಜೊಗೆ ಎಸ್‌ಪಿ 583 ರಸ್ತೆಯಲ್ಲಿ ಸುಮಾರು 13 ಕಿ.ಮೀ. ದಂಡೆಯ ರಸ್ತೆ ಎಂದರೆ ಸಪಾಟು ಎಂದುಕೊಳ್ಳುತ್ತಾರೆ. ಇದು ಸಣ್ಣ ಸಣ್ಣ ಏರಿಳಿತಗಳ ದಾರಿ, ಯಾವುದೂ ದೊಡ್ಡದಲ್ಲ, ಆದರೆ ಖಾಲಿಯಾದ ಕಾಲಿಗೆ ಪ್ರತಿಯೊಂದೂ ಗೊತ್ತಾಗುತ್ತದೆ. ಇಟಲಿಯಲ್ಲಿ ಬಲಗಡೆ ಸಂಚಾರವಾದ್ದರಿಂದ ನಿಮ್ಮ ಬಲಕ್ಕೆ ಬೆಟ್ಟದ ಬಂಡೆ, ಎಡಕ್ಕೆ ಎದುರು ವಾಹನಗಳ ಪಥ, ಅದರಾಚೆ ನೀರು. ರಸ್ತೆ ಬಸ್ಸಿಗೇ ಸಾಲದಷ್ಟು ಕಿರಿದು. ಬಂಡೆಗೆ ತೀರಾ ಅಂಟಿಕೊಂಡು ಹೋದರೆ ಹಿಂದಿನ ಕಾರು ಜಾಗವಿದೆಯೆಂದು ನುಸುಳಲು ನೋಡುತ್ತದೆ. ಅಂಚಿನಿಂದ ಮುಕ್ಕಾಲು ಮೀಟರ್ ಒಳಗಿರಿ, ಅಗಲವಾದ ಕಡೆ ಸರಿದು ದಾರಿ ಬಿಡಿ. ಊರಾಚೆ ಒಬ್ಬರ ಹಿಂದೆ ಒಬ್ಬರು ಹೋಗಬೇಕೆಂಬುದು ಅಲ್ಲಿನ ಕಾನೂನು. ಸೈಕಲ್ಲಿಗೆ ಗಂಟೆ (ಬೆಲ್) ಇರಲೇಬೇಕು. ಊರಾಚೆ ಕತ್ತಲಾದ ಮೇಲೆ, ಹಾಗೆಯೇ ಸುರಂಗಗಳಲ್ಲಿ, ದೀಪದ ಜೊತೆ ಹೊಳೆಯುವ ಮೇಲಂಗಿಯೂ ಕಡ್ಡಾಯ. ಹಗಲಲ್ಲೂ ಹಿಂದಿನ ಮಿಣುಕು ದೀಪ ಹಾಕಿಕೊಳ್ಳುವುದು ಒಳ್ಳೆಯದು. ತುರ್ತಿಗೆ 112.

ಲೆಜ್ಜೆನೊ ಊರು ರಸ್ತೆಯುದ್ದಕ್ಕೂ ಎಳೆದಂತೆ ಹಬ್ಬಿದೆ. ಎದುರು ದಂಡೆಯಲ್ಲಿ ಸರೋವರದ ಒಂದೇ ಒಂದು ದ್ವೀಪವಾದ ಕೊಮಾಚಿನಾ, ಮುಂದೆ ನೀರಿಗೆ ಚಾಚಿದ ಗುಡ್ಡದ ಮೇಲೆ ವಿಲ್ಲಾ ಬಾಲ್ಬಿಯಾನೆಲ್ಲೊ. ಈ ದಂಡೆ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಮಧ್ಯಾಹ್ನದ ಬಿಸಿಲು ಪೂರ್ತಿ ಇಲ್ಲೇ ಬೀಳುತ್ತದೆ. ಜುಲೈ–ಆಗಸ್ಟ್‌ನಲ್ಲಿ ನೆಸ್ಸೊದಲ್ಲೇ ಎರಡೂ ಬಾಟಲಿ ತುಂಬಿಸಿಕೊಳ್ಳಿ. ಆಗಸ್ಟ್ ಮಧ್ಯದ ಫೆರ್ರಾಗೊಸ್ತೊ ರಜೆ ಮತ್ತು ಬೇಸಿಗೆಯ ಭಾನುವಾರಗಳಲ್ಲಿ ಮೋಟಾರ್‌ಸೈಕಲ್ಲುಗಳ ಸಾಲು ಬಿಡುವುದಿಲ್ಲ. ಮೇ, ಜೂನ್, ಸೆಪ್ಟೆಂಬರಿನ ವಾರದ ನಡುವಿನ ದಿನಗಳು ಈ ಸುತ್ತಿಗೆ ಹೇಳಿಮಾಡಿಸಿದವು. ಚಳಿಗಾಲದಲ್ಲಿ ಕೊಲ್ಮಾದ ನೆರಳಿನ ತಿರುವುಗಳಲ್ಲಿ ಹಿಮಗಟ್ಟಿರುತ್ತದೆ.

ಬೆಲ್ಲಾಜೊ ತಲುಪಲು ಕಾರು ಬೇಡ. ಮಿಲಾನೊ ಸೆಂತ್ರಾಲೆಯಿಂದ ವರೆನ್ನಾ–ಎಸಿನೊ ನಿಲ್ದಾಣಕ್ಕೆ ಒಂದು ಗಂಟೆ ಚಿಲ್ಲರೆಯ ರೈಲು, ಸೈಕಲ್ಲಿಗೆ ಬೇರೆ ಟಿಕೆಟ್. ಅಲ್ಲಿಂದ ಕಾರು ಸಾಗಿಸುವ ದೋಣಿಯಲ್ಲಿ ಕಾಲು ಗಂಟೆಗೆ ಬೆಲ್ಲಾಜೊ. ಆ ದೋಣಿಯೇ ಹಿಡಿಯಿರಿ, ಸೈಕಲ್ ನೇರವಾಗಿ ಡೆಕ್ ಮೇಲೆ ಹೋಗುತ್ತದೆ. ಸಂಜೆಯ ಕೊನೆಯ ದೋಣಿಯ ಸಮಯ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಬೆಳಿಗ್ಗೆ ಇಳಿದ ಕೂಡಲೇ ಕಟ್ಟೆಯ ಫಲಕದಲ್ಲಿ ನೋಡಿಟ್ಟುಕೊಳ್ಳಿ.

ಒಂದೇ ದಿನದಲ್ಲಿ ಮಿಲಾನೊದಿಂದ ಬಂದು ಹೋಗುವವರಿಗೆ ಇನ್ನೊಂದು ಉಪಾಯ: ಕಾನ್ಜೊ–ಅಸ್ಸೊದಲ್ಲೇ ರೈಲಿಳಿದು ಅಲ್ಲಿಂದಲೇ ಸುತ್ತು ಶುರುಮಾಡುವುದು. ಆಗ ತಾಜಾ ಕಾಲಿನಲ್ಲಿ ಗೋಡೆ ಸಿಗುತ್ತದೆ, ಗಿಸಾಲ್ಲೊ ಕೊನೆಗೆ ಬರುತ್ತದೆ. ಮೊದಲ ಸಲ ಬರುವವರಿಗೆ ಇದು ಹೆಚ್ಚು ಸುಲಭ. ಆದರೆ ದಂಡೆಯ ರಸ್ತೆಗೆ ಬೆಳಿಗ್ಗೆಯೇ ಬರುವುದರಿಂದ ಬ್ರೆವಾ ಇನ್ನೂ ಎದ್ದಿರುವುದಿಲ್ಲ, ತಿವಾನೊ ಎದುರಾಗಬಹುದು. ಗಿಸಾಲ್ಲೊದ ಕೆಳಗಿನ ತಿರುವುಗಳನ್ನು ನಡುಮಧ್ಯಾಹ್ನದ ಸೆಖೆಯಲ್ಲಿ ಹತ್ತಬೇಕಾಗುತ್ತದೆ. ಹಾಗೆ ಮಾಡುವವರು ಬೆಲ್ಲಾಜೊದಲ್ಲಿ ಅರ್ಧ ಗಂಟೆ ನೆರಳಿನಲ್ಲಿ ಕೂತು, ತಿಂದು, ಎರಡು ಬಾಟಲಿ ನೀರು ತುಂಬಿಕೊಂಡೇ ಹತ್ತಲಿ. ಗಿಸಾಲ್ಲೊದಿಂದ ನಿಲ್ದಾಣದವರೆಗೆ ಉಳಿಯುವುದು ಇಳಿಜಾರು ಮಾತ್ರ. ರೈಲಿಗೆ ಸಮಯವಿದ್ದರೆ ಕಾನ್ಜೊದಿಂದ ಎರಡು ಮೂರು ಕಿ.ಮೀ. ದಕ್ಷಿಣಕ್ಕಿರುವ ಸೆಗ್ರಿನೊ ಕೆರೆಯನ್ನು ಒಂದು ಸುತ್ತು ಹಾಕಬಹುದು, ಅದರ ಸುತ್ತಳತೆ ಐದು ಕಿ.ಮೀ. ಅಷ್ಟೆ.